ಒಳಗಡೆಯ ಅಂಟು

ನಾವು ನಾಲ್ಕು ಜನ ನಿವೃತ್ತರು ಸೇರಿ ಒಂದು ದೋಣಿ ಮಾಡಿದೆವು ಅಂತ ಹೇಳಿದರೆ ಕುಂದಾಪುರದ ಕಡೆಯ ನಮ್ಮ ಜನ ನಗುತ್ತಾರೆ. ಹೊಳೆಬದಿಯಲ್ಲಿ ಹುಟ್ಟಿದವನು ಊರು ಬಿಟ್ಟು, ಮುಂಬಯಿಯಲ್ಲಿ ಮೂವತ್ತೇಳು ವರ್ಷ ಬ್ಯಾಂಕಿನ ಲೆಡ್ಜರ್ ನೋಡಿ, ಅರವತ್ಮೂರನೇ ವಯಸ್ಸಿನಲ್ಲಿ ದೋಣಿ ಕಟ್ಟಲು ಹೊರಟನಂತೆ! ನನ್ನ ಅಕ್ಕ ಫೋನಿನಲ್ಲೇ ಕೇಳಿದಳು: "ಸಣ್ಣಕ್ಕಿಪ್ಪತಿಗೆ ದೋಣಿ ಹತ್ತುಕ್ ಹೆದ್ರತಿದ್ಯಲ್ದಾ, ಈಗ ಮಾಡುಕ್ ಹೊರ್ಟದ್ದಾ?" ಅವಳು ಹೇಳಿದ್ದು ಸುಳ್ಳಲ್ಲ. ಈಗಲೂ ನನಗೆ ಸರಿಯಾಗಿ ಈಜು ಬರುವುದಿಲ್ಲ.

ಆ ದೋಣಿಯ ಹಿಂಬದಿಯ ಒಂದು ಮೂಲೆಯಲ್ಲಿ ನಾನು ಮಾಡಿದ ಒಂದು ಕೆಲಸದ ಬಗ್ಗೆ ಬರೆಯಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಹೊರಗಿನವರಿಗೆ ಅದು ಸಣ್ಣ ವಿಷಯ. ನನಗೆ ಅದು ಇನ್ನೂ ಇತ್ಯರ್ಥವಾಗಿಲ್ಲ.

ನವಿ ಮುಂಬಯಿಯ ಬೇಲಾಪುರದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ರೂಪಿಸಿದ ಸಣ್ಣ ಸಣ್ಣ ಮನೆಗಳ ಗುಂಪು ಇದೆ. ಮನೆ ಚಿಕ್ಕದು, ಆದರೆ ಪ್ರತಿ ಮನೆಗೂ ಆಕಾಶ ಕಾಣುವ ಅಂಗಳ ಉಂಟು. ಮುಂಬಯಿ ಮಟ್ಟಿಗೆ ಅದು ಅರಮನೆಯೇ ಸೈ. ಅಂಥ ಒಂದು ಮನೆಯಲ್ಲಿ ಇರುವವರು ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದ ಮರಾಠಿಗರು. ನಾವೆಲ್ಲ ಅವರನ್ನು ಫೋರ್‌ಮನ್ ಅಂತಲೇ ಕರೆಯುವುದು. ಇನ್ನೊಬ್ಬರು ಧಾರವಾಡದ ಕಡೆಯವರು, ಮುಂಬಯಿಯ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದವರು. ಮೂರನೆಯವರು ಕೊಲ್ಲಂ ಕಡೆಯ ಮಲಯಾಳಿ, ಸರಕು ಹಡಗುಗಳಲ್ಲಿ ಅಡುಗೆಯವರಾಗಿ ಊರೂರು ಸುತ್ತಿದವರು. ಹಡಗಿನಲ್ಲಿ ಅಡುಗೆಯವನಿಗೆ ಭಂಡಾರಿ ಅನ್ನುತ್ತಾರಂತೆ, ಹಾಗಾಗಿ ನಮಗೂ ಅವರು ಭಂಡಾರಿಯೇ. ನಾಲ್ಕನೆಯವನು ನಾನು. ನನಗೆ ಸಿಕ್ಕ ಹೆಸರು ಮ್ಯಾನೇಜರ್. ಬೆಳಗಿನ ವಾಕಿಂಗ್‌ನಲ್ಲಿ ಆದ ಸ್ನೇಹ ಇದು. ವಾಕಿಂಗ್ ಮುಗಿದ ಮೇಲೆ ಮಾಡುವುದೇನು ಅನ್ನೋ ಪ್ರಶ್ನೆಯಿಂದ 2023ರ ಫೆಬ್ರವರಿಯಲ್ಲಿ ದೋಣಿ ಹುಟ್ಟಿತು.

ಮಾಡುವ ವಿಧಾನವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪು ಅರ್ಥವಾಗುವುದಿಲ್ಲ. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ 'ಮಿರರ್' ಅನ್ನುವ ಒಂದು ಪುಟ್ಟ ಹಾಯಿದೋಣಿ ಬಂತು. ಡೈಲಿ ಮಿರರ್ ಪತ್ರಿಕೆಯವರು ಅದರ ಹಿಂದೆ ಇದ್ದರು. ಟಿವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದ ಬ್ಯಾರಿ ಬಕ್‌ನೆಲ್ ಮತ್ತು ದೋಣಿಗಳ ವಿನ್ಯಾಸಕಾರ ಜ್ಯಾಕ್ ಹೋಲ್ಟ್ ಸೇರಿ ಅದನ್ನು ರೂಪಿಸಿದರು. ಬಡಗಿಯೇ ಅಲ್ಲದವನೂ ಮನೆಯಲ್ಲಿ ಕೂತು ದೋಣಿ ಮಾಡಬಹುದು ಅನ್ನುವುದು ಅದರ ಗುಟ್ಟು. ಪ್ಲೈವುಡ್ಡನ್ನು ನಕ್ಷೆಯ ಪ್ರಕಾರ ಕತ್ತರಿಸಿ, ಅಂಚುಗಳಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಬಟ್ಟೆ ಹೊಲಿದ ಹಾಗೆ ಹೊಲಿಯುವುದು. ಆಮೇಲೆ ಒಳಗಡೆಯಿಂದ ಸಂದಿಗೆ ರೆಸಿನ್ ಮೆತ್ತಿ, ಮೇಲೆ ಗಾಜಿನ ನೂಲಿನ ಪಟ್ಟಿ ಅಂಟಿಸುವುದು. ನಮ್ಮದು ಹಾಯಿ ಇಲ್ಲದ, ಹುಟ್ಟು ಹಾಕುವ ಹನ್ನೊಂದು ಅಡಿಯ ದೋಣಿ. ಆದರೆ ಹೊಲಿಗೆಯ ವಿದ್ಯೆ ಅದೇ.

ಹೊಲಿಗೆ ಅಂದಾಗ ನನಗೆ ನಮ್ಮ ಊರಿನ ಹೊಳೆದಂಡೆ ನೆನಪಾಗದೆ ಇರಲಿಲ್ಲ. ಮೊಳೆ ಹೊಡೆಯದೆ, ತೆಂಗಿನ ನಾರಿನ ಹುರಿಯಿಂದ ಹಲಗೆ ಹೊಲಿದು ದೋಣಿ ಮಾಡುವುದು ಪಶ್ಚಿಮ ಕರಾವಳಿಯ ಹಳೇ ಪದ್ಧತಿ. (2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆ ಸೇರಿದ 'ಕೌಂಡಿನ್ಯ' ಹಡಗನ್ನು ಹೀಗೇ ಹೊಲಿದು ಕಟ್ಟಿದ್ದು. ಪೇಪರಿನಲ್ಲಿ ಅದನ್ನು ಓದಿ ನಾವು ನಾಲ್ವರೂ, ಏನೋ ನಮ್ಮದೇ ಕೆಲಸ ಅನ್ನುವ ಹಾಗೆ, ಒಂದು ವಾರ ಬೀಗಿದೆವು.) ನಾನು ಹುಡುಗನಾಗಿದ್ದಾಗ ನಮ್ಮೂರ ಆಚಾರಿಯೊಬ್ಬರು ಮರದ ನೆರಳಿನಲ್ಲಿ ದೋಣಿ ಮಾಡುತ್ತಿದ್ದರು. ಹೊಳೆಗೆ ಹೋಗುವವರು, ಬರುವವರು, ಎಲ್ಲರೂ ನಿಂತು ಹಲಗೆ ತಟ್ಟಿ ನೋಡಿ ಮಾತಾಡಿಯೇ ಹೋಗುವುದು. ಗೇರೆಣ್ಣೆಯೋ ಮೀನೆಣ್ಣೆಯೋ ಬಳಿಯುವ ಮುಂಚೆ ಪ್ರತಿ ಸಂದಿಯನ್ನೂ ಹತ್ತು ಜನರ ಕಣ್ಣು ನೋಡಿರುತ್ತಿತ್ತು. ನೀರು ಒಸರಿದರೆ ಅದು ಯಾರ ಕೈಕೆಲಸ ಅಂತ ಹೊಳೆಯ ಎರಡೂ ದಂಡೆಗೆ ಗೊತ್ತು. ಅಂಥ ಜಾಗದಲ್ಲಿ ಕಳ್ಳ ಕೆಲಸ ಮಾಡುವುದು ಕಷ್ಟ.

ಬೇಲಾಪುರದ ಅಂಗಳದಲ್ಲಿ ಹಾಗೆ ನೋಡುವವರು ಯಾರೂ ಇರಲಿಲ್ಲ. ನಾವೇ ನಾಲ್ಕು ಜನ, ತಲೆ ಮೇಲೆ ನೀಲಿ ಟಾರ್ಪಾಲು.

ಆ ವರ್ಷ ಮುಂಗಾರು ಮುಂಬಯಿಗೂ ದೆಹಲಿಗೂ ಒಂದೇ ದಿನ ಬಂತು, ಜೂನ್ 25ಕ್ಕೆ. ತಡವಾಗಿ ಬಂದದ್ದಕ್ಕೋ ಏನೋ, ಜುಲೈನಲ್ಲಿ ಹಿಡಿದು ಬಾರಿಸಿತು. ದೋಣಿಯ ಮೈ ಅಷ್ಟರಲ್ಲಿ ತಯಾರಾಗಿತ್ತು. ಮುಂದೊಂದು ಹಿಂದೊಂದು ಸೀಟಿನ ಕೆಳಗೆ ಗಾಳಿಪೆಟ್ಟಿಗೆ ಕೂರಿಸುವ ಕೆಲಸ ಬಾಕಿ. ಎಲ್ಲ ಕಡೆಯಿಂದ ಮುಚ್ಚಿದ ಪೆಟ್ಟಿಗೆ ಅದು. ದೋಣಿ ಮಗುಚಿ ನೀರು ತುಂಬಿದರೂ ಅದರೊಳಗಿನ ಗಾಳಿ ದೋಣಿಯನ್ನು ತೇಲಿಸಿ ಹಿಡಿಯುತ್ತದೆ. ಉಳಿದ ದಿನ ಅದಕ್ಕೆ ಕೆಲಸವಿಲ್ಲ. ಭಂಡಾರಿ ಹೇಳುತ್ತಿದ್ದರು, "ಮುಳುಗೋ ದಿನ ಅದೊಂದೇ ನೆಂಟ" ಅಂತ.

ಹಿಂದಿನ ಪೆಟ್ಟಿಗೆಯ ಒಳಸಂದಿ ನನ್ನ ಪಾಲಿಗೆ ಬಂತು. ನೂರು ಗ್ರಾಂ ರೆಸಿನ್‌ಗೆ ಹತ್ತು ಗ್ರಾಂ ಹಾರ್ಡನರ್, ತೂಗಿಯೇ ಬೆರೆಸಬೇಕು. ಹಾರ್ಡನರ್ ಕಮ್ಮಿಯಾದರೆ ಅದು ಯಾವತ್ತಿಗೂ ಗಟ್ಟಿಯಾಗುವುದಿಲ್ಲ, ಬಿಸಿಲಿಗಿಟ್ಟರೂ ಅಷ್ಟೆ. ಇದಕ್ಕೆಂದೇ ಫೋರ್‌ಮನ್ ಒಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ತಂದಿದ್ದರು, ಅದರ ಜವಾಬ್ದಾರಿಯನ್ನು ನನಗೇ ಕೊಟ್ಟಿದ್ದರು. ಆ ದಿನ ಫೋರ್‌ಮನ್ ಮಗಳ ಮನೆಗೆ ನಾಶಿಕ್‌ಗೆ ಹೋಗಿದ್ದರು. ಭಂಡಾರಿಗೆ ಜ್ವರ. ಮಾಸ್ತರು ಸಂಜೆ ಐದಕ್ಕೇ ಹೊರಟರು, ಆಮೇಲೆ ಟ್ರೈನು ನಿಂತರೆ ಕಷ್ಟ ಅಂತ. ನಾನೊಬ್ಬನೇ. ತಕ್ಕಡಿಯ ಸೆಲ್ ಸತ್ತಿತ್ತು. ಅಂಗಡಿ ಐದು ನಿಮಿಷದ ದಾರಿ, ಹೊರಗೆ ಜಡಿಮಳೆ. ಐದು ತಿಂಗಳಿಂದ ಬೆರೆಸುತ್ತಿದ್ದೇನೆ, ಇಷ್ಟೂ ಅಂದಾಜು ಸಿಗುವುದಿಲ್ಲವೆ ಅಂತ ಬಾಟಲಿಯ ಮುಚ್ಚಳದಲ್ಲಿ ಹಾರ್ಡನರ್ ಅಳೆದು ಹಾಕಿ, ಕಲಸಿ, ಸಂದಿಗೆ ಮೆತ್ತಿ ಮನೆಗೆ ಹೋದೆ.

ಮರುದಿನ ಮುಟ್ಟಿ ನೋಡಿದರೆ ಅಂಟು ಅಂಟು. ಮಳೆಗಾಲದಲ್ಲಿ ತೇವಕ್ಕೆ ರೆಸಿನ್ ಮೇಲೆ ಒಂದು ಜಿಡ್ಡಿನ ಪದರ ಬರುವುದುಂಟು, ಬಿಸಿನೀರಲ್ಲಿ ಒರೆಸಿದರೆ ಹೋಗುತ್ತದೆ. ಇದೂ ಅದೇ ಅಂತ ನನಗೆ ನಾನೇ ಹೇಳಿಕೊಂಡೆ. ಒರೆಸಿದೆ. ಹೋದಂತೆ ಆಯಿತು, ಪೂರ್ತಿ ಹೋಗಲಿಲ್ಲ. ಉಗುರು ಒತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ಒತ್ತಿ ನೋಡಲಿಲ್ಲ. ಇಷ್ಟು ವರ್ಷವಾದ ಮೇಲೆ ಪ್ರಾಮಾಣಿಕವಾಗಿ ಹೇಳುವುದಾದರೆ, ಗೊತ್ತಾಗಬಾರದು ಅಂತಲೇ ಒತ್ತಲಿಲ್ಲ. ಸೆಲ್ ತಂದು, ಹೊಸದಾಗಿ ಸರಿಯಾಗಿ ತೂಗಿ ಬೆರೆಸಿದ ರೆಸಿನ್ನನ್ನು ಅದರ ಮೇಲೆಯೇ ಬಳಿದು, ಗಾಜಿನ ಪಟ್ಟಿ ಹಾಕಿ ಮುಚ್ಚಿದೆ. ಮೂರನೇ ದಿನಕ್ಕೆ ಮೇಲ್ಪದರ ಕಲ್ಲಿನ ಹಾಗೆ ಗಟ್ಟಿ.

ಫೋರ್‌ಮನ್ ನಾಶಿಕ್‌ನಿಂದ ಬಂದವರು ಒಂದೇ ಪ್ರಶ್ನೆ ಕೇಳಿದರು. "ತೂಗಿದ್ರಾ ಸಾಹೇಬ್?"

"ತೂಗಿದೆ" ಅಂದೆ.

ಅವರು ಸೀಟಿನ ಹಲಗೆ ಕೂರಿಸಿ ಪೆಟ್ಟಿಗೆ ಮುಚ್ಚಿದರು. ಮುಂದಿನ ಪೆಟ್ಟಿಗೆಗೆ, ಅಂದರೆ ಮಾಸ್ತರು ಮಾಡಿದ್ದಕ್ಕೆ, ಮುಚ್ಚುವ ಮೊದಲು ಟಾರ್ಚ್ ಹಾಕಿ ಉಳಿಯ ತುದಿಯಿಂದ ಕುಟ್ಟಿ ನೋಡಿದ್ದರು. ನನ್ನದಕ್ಕೆ ನೋಡಲಿಲ್ಲ. "ನೀವು ಬ್ಯಾಂಕಿನವರು, ನೀವು ತೂಗಿದ್ದನ್ನು ನಾನು ಮತ್ತೆ ತೂಗುವುದೇ?" ಅಂದರು, ನಗುತ್ತಾ.

ಆಮೇಲೆ ಬಣ್ಣ ಬಳಿದೆವು, ಹೊರಗೆ ಬಿಳಿ, ಒಳಗೆ ಬೂದಿ. ಹುಟ್ಟುಗಳನ್ನು ಕೀಸುಳಿ ಹಾಕಿ ನಯ ಮಾಡಿದೆವು. ಫೋರ್‌ಮನ್‌ರ ಎಂಟು ವರ್ಷದ ಮೊಮ್ಮಗಳು ಬಂದಾಗೆಲ್ಲ ಹಿಂದಿನ ಸೀಟಿನಲ್ಲಿ ಕೂತು ಅಂಗಳದಲ್ಲೇ ಗೋವಾಕ್ಕೆ ಹೋಗಿ ಬರುತ್ತಿದ್ದಳು. ಅದು ತನ್ನ ಸೀಟು ಅಂತ ಪೆನ್ಸಿಲ್ಲಿನಲ್ಲಿ ಹೆಸರೂ ಬರೆದಳು. ನನಗೆ ರಾತ್ರಿ ನಿದ್ದೆ ಕಮ್ಮಿಯಾಯಿತು.

ಈಗ ಪ್ರಶ್ನೆಗೆ ಬರುತ್ತೇನೆ. ಯಾರಿಗೂ ಕಾಣದ ಕಡೆ ಮಾಡಿದ ಕೆಟ್ಟ ಕೆಲಸಕ್ಕೆ ನಾನು ಯಾರಿಗೆ ಉತ್ತರ ಕೊಡಬೇಕು? ಇದು ಹೊಸ ಪ್ರಶ್ನೆಯಲ್ಲ. ಪ್ಲೇಟೋನ 'ರಿಪಬ್ಲಿಕ್' ಗ್ರಂಥದಲ್ಲಿ ಗೈಜಿಸ್ ಎಂಬವನ ಉಂಗುರದ ಕತೆ ಬರುತ್ತದೆ. ತೊಟ್ಟು ಒಳಮುಖವಾಗಿ ತಿರುಗಿಸಿದರೆ ಅವನು ಯಾರಿಗೂ ಕಾಣಿಸುವುದಿಲ್ಲ. ಅಂಥ ಉಂಗುರ ಕೈಗೆ ಸಿಕ್ಕರೆ ಸಜ್ಜನನಿಗೂ ದುರ್ಜನನಿಗೂ ಏನು ವ್ಯತ್ಯಾಸ ಉಳಿಯುತ್ತದೆ ಅನ್ನುವುದು ಅಲ್ಲಿಯ ವಾದ. ಊರು ಬಿಟ್ಟು ಮುಂಬಯಿಗೆ ಬಂದವರೆಲ್ಲರಿಗೂ ಸ್ವಲ್ಪ ಮಟ್ಟಿಗೆ ಆ ಉಂಗುರ ಸಿಕ್ಕಿರುತ್ತದೆ ಅಂತ ನನಗೆ ಅನ್ನಿಸಿದೆ. 1983ರಲ್ಲಿ ನಾನು ದಾದರಿನಲ್ಲಿ ಬಸ್ಸಿಳಿದ ದಿನ ನನ್ನನ್ನು ಇಂಥವರ ಮಗ ಅಂತ ಗುರುತಿಸುವವರು ಒಬ್ಬರೂ ಇರಲಿಲ್ಲ. ಮೊದಲ ತಿಂಗಳು ಅದು ಭಯ. ಎರಡನೇ ತಿಂಗಳು ಅದೇ ಹಿತ.

ಆದರೆ ಊರಿನ ಕಣ್ಣನ್ನು ನಾನು ಹೊಗಳಲು ಹೋಗುವುದಿಲ್ಲ. ಪರ ಊರಿನಲ್ಲಿ ವರ್ಷಗಟ್ಟಲೆ ಇದ್ದ ಮೇಲೆ ಊರಿನದೆಲ್ಲವೂ ಚಿನ್ನವಾಗಿ ಕಾಣುವ ಕಾಯಿಲೆ ನಮಗೆ ಬರುತ್ತದೆ. ಆ ಕಣ್ಣು ದೋಣಿಯ ಸಂದಿಯನ್ನು ನೋಡಿದ್ದು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ವಿಧವೆಯ ಸೆರಗನ್ನು, ಯಾರ ಮನೆಯಲ್ಲಿ ಯಾರು ನೀರು ಕುಡಿದರು ಅನ್ನೋದನ್ನು ನೋಡಿದ್ದು. ಆ ಕಣ್ಣಿನಿಂದ ತಪ್ಪಿಸಿಕೊಂಡೇ ಎಷ್ಟೋ ಜನ ಮುಂಬಯಿಯಲ್ಲಿ ಮನುಷ್ಯರಾದರು. ಹಾಗಾಗಿ, ಊರಿನಲ್ಲಿದ್ದರೆ ನಾನು ಹೀಗೆ ಮಾಡುತ್ತಿರಲಿಲ್ಲ ಅನ್ನುವ ಸಮಾಧಾನ ನನಗೆ ಬೇಡ.

ಮಹಾಭಾರತದಲ್ಲಿ ಶಕುಂತಲೆ ದುಷ್ಯಂತನಿಗೆ ಹೇಳುತ್ತಾಳೆ, ನೀನೊಬ್ಬನೇ ಇದ್ದೆ ಅಂದುಕೊಂಡಿದ್ದೀಯ, ನಿನ್ನ ಎದೆಯೊಳಗೆ ಕೂತವನು ಎಲ್ಲ ನೋಡಿದ್ದಾನೆ ಅಂತ. ನನ್ನ ತಾಯಿ ಇದನ್ನೇ ತಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಗೌರವದಿಂದಲೇ ಹೇಳುತ್ತೇನೆ, ನನ್ನ ಅನುಭವದಲ್ಲಿ ಆ ಒಳಗಿನ ಸಾಕ್ಷಿಯನ್ನು ಒಪ್ಪಿಸುವುದು ಬಹಳ ಸುಲಭ. ಎಂ.ಕಾಂ.ನಲ್ಲಿ ಓದಿದ್ದು ಸಹಾಯಕ್ಕೆ ಬರುತ್ತದೆ. 1896ರ ಕಿಂಗ್‌ಸ್ಟನ್ ಕಾಟನ್ ಮಿಲ್ ಮೊಕದ್ದಮೆಯಲ್ಲಿ, ಆಡಿಟರ್ ಕಾವಲು ನಾಯಿಯೇ ಹೊರತು ಬೇಟೆ ನಾಯಿಯಲ್ಲ ಅನ್ನುವ ಮಾತು ಬಂತು. ನಂಬಲರ್ಹ ಅಧಿಕಾರಿ ಕೊಟ್ಟ ಸರ್ಟಿಫಿಕೇಟನ್ನು, ಅನುಮಾನಕ್ಕೆ ಕಾರಣವಿಲ್ಲದಿದ್ದರೆ, ಆಡಿಟರ್ ನಂಬಬಹುದು. ಫೋರ್‌ಮನ್ ನನ್ನನ್ನು ನಂಬಿದ್ದರಲ್ಲಿ ಅವರ ತಪ್ಪಿಲ್ಲ ಅಂತ ಅದರ ಅರ್ಥ. ನಾನು ಮಾತ್ರ ಅದನ್ನು ತಿರುಗಿಸಿ ಓದಿಕೊಂಡೆ. ಅವರೇ ಅನುಮಾನ ಪಡದಿರುವಾಗ ನಾನ್ಯಾಕೆ ಬೇಟೆ ನಾಯಿಯಾಗಲಿ? ಮೇಲ್ಪದರ ಗಟ್ಟಿ ಇದೆ, ನೀರು ಒಳಗೆ ಬಾರದು, ದೋಣಿ ಮಗುಚುವುದೂ ಇಲ್ಲ. ಹೀಗೆ ನಾಲ್ಕು ವಾದ ಹೂಡಿದರೆ ಎದೆಯೊಳಗಿನವನು ತಲೆಯಾಡಿಸಿ ಸುಮ್ಮನಾಗುತ್ತಾನೆ. ಅವನಿಗೂ ನನ್ನದೇ ಎಂ.ಕಾಂ. ತಾನೆ!

ನನ್ನನ್ನು ಹಿಡಿದುಹಾಕಿದ್ದು ಆ ತಕ್ಕಡಿ. ಅಕ್ಟೋಬರ್ 23, ಆಯುಧಪೂಜೆ. ಮರಾಠಿಯಲ್ಲಿ ಖಂಡೇನವಮಿ. ವರ್ಕ್‌ಶಾಪಿನ ಮನುಷ್ಯರಾದ ಫೋರ್‌ಮನ್‌ಗೆ ಅದು ದೊಡ್ಡ ಹಬ್ಬ. ಗರಗಸ, ಡ್ರಿಲ್, ಉಳಿ, ಕೀಸುಳಿ, ಉಳಿದ ತಾಮ್ರದ ತಂತಿ, ಎಲ್ಲ ಒರೆಸಿ ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದರು. ವಹಿನಿ, ಅಂದರೆ ಅವರ ಮನೆಯವರು, ಅರಿಶಿನ ಕುಂಕುಮದ ತಟ್ಟೆ ತಂದು, ಅವರವರ ಆಯುಧಕ್ಕೆ ಅವರವರೇ ಹಚ್ಚಿ ಅಂದರು. ಮಾಸ್ತರು ಗರಗಸಕ್ಕೆ ಹಚ್ಚಿದರು. ನನ್ನ ಮುಂದೆ ಆ ತಕ್ಕಡಿ, ಮೇಲೊಂದು ಚೆಂಡು ಹೂವು. ನಾನು ಕುಂಕುಮದಲ್ಲಿ ಬೆರಳಿಟ್ಟುಕೊಂಡು ಕೂತುಬಿಟ್ಟೆ. ಏನಾಯಿತು ಅಂತ ವಹಿನಿ ಕೇಳಿದರು. ಹೇಳಿದೆ. ಹಬ್ಬದ ದಿನ, ಮೊಮ್ಮಗಳ ಎದುರಿಗೇ ಹೇಳಿದೆ. ಅದೂ ತಪ್ಪೇ ಇರಬಹುದು.

ಫೋರ್‌ಮನ್ ಸುಮ್ಮನಿದ್ದರು. ಪೂಜೆ ಮುಗಿಯಲಿ ಅಂದರು. ಮುಗಿದ ಮೇಲೆ ಪೆಟ್ಟಿಗೆಯ ಸಣ್ಣ ತೂತಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಊದಿ, ಸಂದಿಗಳ ಉದ್ದಕ್ಕೂ ಸೋಪಿನ ನೀರು ಸವರಿದರು. ಗಾಳಿ ಸೋರಿದರೆ ಗುಳ್ಳೆ ಏಳಬೇಕು. ನಾವು ನಾಲ್ಕು ಜನ ಬಗ್ಗಿ ನೋಡಿದೆವು. ಒಂದೂ ಗುಳ್ಳೆ ಇಲ್ಲ!

ಮಾಸ್ತರು ಮೊದಲು ಮಾತಾಡಿದರು. "ನೋಡ್ರಿ ಮ್ಯಾನೇಜರ್ರ, ಸೋರವಲ್ದು. ಸುಮ್ನ ಬಿಡ್ರಿ ಇನ್ನ. ನಿಮ್ಮ ಎದಿ ಹಗರ ಮಾಡ್ಕೊಳ್ಳಾಕ ಎಲ್ಲಾರ ಕೆಲಸ ಒಡೀಬೇಕೇನು?" ಈ ಮಾತು ನನಗೆ ನಾಟಿತು, ಈಗಲೂ ನಾಟಿದೆ. ತಪ್ಪೊಪ್ಪಿಗೆಯಲ್ಲೂ ಸ್ವಾರ್ಥ ಇರುತ್ತದೆ. ನಾನು ಹೊತ್ತ ಭಾರವನ್ನು ಇಳಿಸಿದೆ ನಿಜ, ಇಳಿಸಿದ್ದು ಮೂರು ಜನರ ತಲೆಯ ಮೇಲೆ. ಭಂಡಾರಿ ಅದಕ್ಕೆ ಒಪ್ಪಲಿಲ್ಲ. ಈಗ ಸೋರದೆ ಇರುವುದು ದೋಣಿ ಅಂಗಳದಲ್ಲಿ ಇರುವುದರಿಂದ, ನೀರಿನಲ್ಲಿ ಹಲಗೆ ಅಲುಗುತ್ತದೆ, ಬಿಸಿಲಿಗೆ ಕಾಯುತ್ತದೆ, ಆಗ ನೋಡಿ ಅಂದರು. ಇಬ್ಬರೂ ಮಲಯಾಳಿ ಹಿಂದಿ, ಧಾರವಾಡ ಹಿಂದಿಯಲ್ಲಿ ಜಗಳವಾಡುತ್ತಿರುವಾಗ ಫೋರ್‌ಮನ್ ಎದ್ದು ಒಳಗೆ ಹೋಗಿ, ಆಗತಾನೇ ಪೂಜೆಯಾದ ಗರಗಸವನ್ನು ಹೂವು ಸಮೇತ ತಂದರು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟಬಾರದು ಅಂತ ವಹಿನಿ ಅಂದರು. ಅವರು ಕೇಳಿಸಿಕೊಳ್ಳಲಿಲ್ಲ.

ಸೀಟಿನ ಹಲಗೆ ಬಿಚ್ಚಿ ಬಂತು. ಮೇಲಿನ ಗಾಜಿನ ಪಟ್ಟಿಯನ್ನು ಉಳಿಯಿಂದ ಎಬ್ಬಿಸಿದಾಗ ಅದರಡಿಯಲ್ಲಿ, ಮೂರು ತಿಂಗಳಾದ ಮೇಲೂ, ನನ್ನ ಅಂಟು ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಂತು. ಎರಡೂವರೆ ಅಡಿ ಉದ್ದಕ್ಕೂ ಹಾಗೇ. ಹಲಗೆಗಳನ್ನು ಅಲ್ಲಿ ಹಿಡಿದಿದ್ದದ್ದು ಮೇಲಿನ ಒಂದು ಪಟ್ಟಿ ಮತ್ತು ಬಣ್ಣ, ಅಷ್ಟೆ. ಫೋರ್‌ಮನ್ ಉಳಿಯನ್ನು ನನ್ನ ಕೈಗೆ ಕೊಟ್ಟರು. "ಇದನ್ನು ನೀವೇ ಕೆರೆಯಿರಿ" ಅಂದರು. ಹನ್ನೊಂದು ದಿನ ಕೆರೆದೆ. ಕೆರೆದು, ಅಸಿಟೋನ್ ಹಾಕಿ ಒರೆಸಿ, ಮರ ಕಾಣುವವರೆಗೆ ಮರಳು ಕಾಗದದಿಂದ ಉಜ್ಜಿದೆ. ಅಷ್ಟು ದಿನ ಅವರು ನನ್ನೊಂದಿಗೆ ಚಹಾ ಕುಡಿದರು, ಹವಾಮಾನದ ಮಾತಾಡಿದರು, ದೋಣಿಯ ಮಾತು ಎತ್ತಲಿಲ್ಲ.

ಕೆರೆಯುತ್ತಾ ಕೂತವನಿಗೆ ಯೋಚಿಸಲು ಬೇಕಾದಷ್ಟು ಹೊತ್ತು ಇರುತ್ತದೆ. ಹಾರ್ಡನರ್ ಅಂದಾಜು ತಪ್ಪಿದ್ದು ಸೋಮಾರಿತನ, ಅದು ಯಾರಿಗಾದರೂ ಆಗಬಹುದು. ಅದನ್ನು ಹಿಡಿಯಲಿಕ್ಕೆಂದೇ ಟಾರ್ಚು, ಉಳಿಯ ತುದಿ, ಸೋಪಿನ ನೀರು ಇರುವುದು. ನಾನು 'ತೂಗಿದೆ' ಅಂದ ಒಂದು ಮಾತು ಅವೆಲ್ಲವನ್ನೂ ನಿಲ್ಲಿಸಿತು. ಅಂಟಿಗಿಂತ ಆ ಮಾತೇ ದೊಡ್ಡ ತೂತು. ಇನ್ನೊಂದು ಲೆಕ್ಕವೂ ಇದೆ. ಫೋರ್‌ಮನ್ ನನ್ನ ಮಾತು ನಂಬಿದ್ದು ಬರೀ ನನ್ನ ಮುಖ ನೋಡಿಯಲ್ಲ. ಅವರು ಹುಡುಗನಾಗಿದ್ದಾಗಿನಿಂದ ಪರೇಲಿನ ಉಡುಪಿ ಹೋಟೆಲಿನಲ್ಲಿ ತಿಂದವರು. ಅಲ್ಲಿ ಗಲ್ಲೆಯ ಮೇಲೆ ಕೂತವರು ಚಿಲ್ಲರೆ ಎಣಿಸಿ ಕೊಟ್ಟದ್ದನ್ನು ಮತ್ತೆ ಎಣಿಸುವ ಅಗತ್ಯ ಬೀಳಲಿಲ್ಲ ಅಂತ ಅವರೇ ನನಗೆ ಹೇಳಿದ್ದರು. ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದ ನಮ್ಮ ಕಡೆಯ ಹುಡುಗರು, ಯಾರೋ ಏನೋ, ಹೆಸರು ಕೂಡ ಉಳಿಯದವರು, ಈ ಊರಿನಲ್ಲಿ ಕಟ್ಟಿಟ್ಟ ಠೇವಣಿ ಅದು. ಪರ ಊರಿನಲ್ಲಿ ನಮ್ಮನ್ನು ಯಾರೂ ನೋಡುವುದಿಲ್ಲ ಅಂದುಕೊಂಡಿದ್ದೆ. ನೋಡದೆಯೇ ನಂಬುತ್ತಾರೆ, ಅದರ ತೂಕ ಬೇರೆ. ನಾನು ಹಣ ತೆಗೆದದ್ದು ನನ್ನ ಖಾತೆಯಿಂದಲೇ ಅಲ್ಲ.

ಈ ಲೆಕ್ಕವನ್ನು ಮಾಸ್ತರರಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ಅದೆಲ್ಲಾ ಭಾಳ ದೊಡ್ಡ ಮಾತಾತು ಬಿಡ್ರಿ. ಮಳಿ ಇತ್ತು, ಬ್ಯಾಸರಾಗಿತ್ತು, ಸುಳ್ಳ ಹೇಳಿದ್ರಿ" ಅಂದರು. ಇರಬಹುದು.

ದತ್ತ ಜಯಂತಿಯ ದಿನ, ಡಿಸೆಂಬರ್ 26ಕ್ಕೆ, ದಿವಾಳೆ ಕೋಳಿವಾಡೆಯ ಜೆಟ್ಟಿಯ ಹತ್ತಿರ ದೋಣಿಯನ್ನು ನೀರಿಗಿಳಿಸಿದೆವು. ಮೀನುಗಾರರ ಹಳ್ಳಿ ಅದು, ಮನೆಯಿಂದ ಟೆಂಪೋದಲ್ಲಿ ಕಾಲು ಗಂಟೆ. ಹುಣ್ಣಿಮೆಯ ಭರತ ಮಧ್ಯಾಹ್ನದ ಹೊತ್ತಿಗೆ ತುಂಬಿ ಬರುತ್ತದೆ, ಇಳಿಯಲು ಶುರುವಾದರೆ ಕೆಸರು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಹಾಗಾಗಿ ನಮಗೆ ಸಿಕ್ಕಿದ್ದು ಒಂದೂವರೆ ಗಂಟೆ. ಅಲ್ಲಿನ ಕೋಳಿ ಹೆಂಗಸರು ನಮ್ಮ ದೋಣಿಯನ್ನು ತಟ್ಟಿ ನೋಡಿ, ಇದು ಮಕ್ಕಳ ಆಟಿಕೆ ಅಂತ ನಕ್ಕರು. ತೆಂಗಿನಕಾಯಿ ಒಡೆಯುವುದಕ್ಕೆ ನನ್ನನ್ನೇ ಕರೆದರು. ಮೊಮ್ಮಗಳು ಲೈಫ್ ಜಾಕೆಟ್ ತೊಟ್ಟು ಹಿಂದಿನ ಸೀಟಿನಲ್ಲಿ ಕೂತಳು. ಅವಳು ಬರೆದ ಹೆಸರು ಹೋದ ಹಲಗೆಯ ಜೊತೆ ಹೋಗಿತ್ತು, ಹೊಸ ಹಲಗೆಯ ಮೇಲೆ ಬಣ್ಣದಲ್ಲೇ ಬರೆದಿದ್ದಳು. ಫೋರ್‌ಮನ್ ಮತ್ತು ಭಂಡಾರಿ ಹುಟ್ಟು ಹಾಕಿದರು. ನಾನು ದಂಡೆಯಲ್ಲೇ ನಿಂತೆ. ಈಜು ಬಾರದವನು ಅನ್ನುವುದು ಒಳ್ಳೆಯ ನೆಪವಾಯಿತು.

ಈಗ ಎರಡನೇ ದೋಣಿ ಅಂಗಳದಲ್ಲಿದೆ, ಈ ಸಲ ಹಾಯಿಯದ್ದು. ತಕ್ಕಡಿ ಈಗಲೂ ನನ್ನ ಹತ್ತಿರವೇ. ಬೇರೆಯವರಿಗೆ ಕೊಡಿ ಅಂದೆ, ಫೋರ್‌ಮನ್ ಕೊಡಲಿಲ್ಲ. ಆದರೆ ನಾನು ತೂಗಿ ಬದಿಗಿಟ್ಟ ಬಟ್ಟಲನ್ನು ಅವರು ಮಾತಿಲ್ಲದೆ ಎತ್ತಿ ಇನ್ನೊಮ್ಮೆ ತಕ್ಕಡಿಯ ಮೇಲಿಟ್ಟು, ನಂಬರ್ ನೋಡಿ, ಆಮೇಲೆ ಬೆರೆಸುತ್ತಾರೆ. ಮಾಸ್ತರು ತೂಗಿದರೆ ಹಾಗೆ ಮಾಡುವುದಿಲ್ಲ. ಪ್ರತಿ ಸಲವೂ ನನಗೆ ಬೇಜಾರಾಗುತ್ತದೆ, ಪ್ರತಿ ಸಲವೂ ನಾನು ಆ ಕಡೆ ತಿರುಗಿ ಬ್ರಶ್ ತೊಳೆಯುತ್ತಿರುತ್ತೇನೆ. ಮೊನ್ನೆ ಒಂದು ದಿನ ಅವರು ಮರೆತರು, ಹಾಗೇ ಬೆರೆಸಲು ಹೊರಟರು. ನಾನೇ ಕೈ ಹಿಡಿದು, "ತೂಗಿ ನೋಡಿ" ಅಂದೆ.